ಅಂಗೈ ಮೇಲಿನ ಹಬೆ ಇಂಜಿನ್

ಈ ವಾರ ಬೀಜ, ಗೊಬ್ಬರ, ಔಷಧಿಯ ಮಾತಿಲ್ಲ. ಕೆಲಸ ಕಡಿಮೆ ಇರುವ ದಿನಗಳಲ್ಲಿ ಮನೆಯ ಮಕ್ಕಳೊಡನೆ ಕುಳಿತು ಮಾಡಬಹುದಾದ ಒಂದು ಯಂತ್ರದ ವಿಷಯ ಬರೆಯುತ್ತಿದ್ದೇನೆ. ಬರೆಯಲು ಒಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಹೋಬಳಿಯ ಒಂದು ಹಳ್ಳಿಯಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಹಬೆಯಿಂದ ಚಕ್ರ ತಿರುಗಿಸಲು ಹೊರಟ. ಇಂಜಿನ್ ಆಯಿಲಿನ ಖಾಲಿ ತಗಡಿನ ಡಬ್ಬಿಗೆ ಅರ್ಧ ನೀರು ತುಂಬಿದ. ಬಾಯಿಗೆ ಮರದ ಗೂಟ ಬಡಿದ. ಗೂಟದ ನಡುವೆ ಸೈಕಲ್ ಟ್ಯೂಬಿನ ವಾಲ್ವು ಸಿಕ್ಕಿಸಿ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಹಾಕಿದ. ವಾಲ್ವಿನ ಸಣ್ಣ ತೂತು ಕಟ್ಟಿಕೊಂಡಿತೋ ಏನೋ, ಡಬ್ಬಿಯ ತಳದ ಹೊಲಿಗೆ ಬಿಟ್ಟು ಕುದಿಯುವ ನೀರು ಬಲಗೈಗೆ ಹಾರಿತು. ಆ ಕ್ಷಣದಲ್ಲಿ ಸೌದೆ ತೆಗೆಯಲು ಮುಖ ಆಚೆ ತಿರುಗಿಸಿದ್ದರಿಂದ ಕಣ್ಣು ಉಳಿಯಿತು. ಮೊಳಕೈವರೆಗೆ ಬೆಂದ ಗಾಯ ಮಾಯಲು ತಿಂಗಳ ಮೇಲೆ ಹಿಡಿಯಿತು.

ಹುಡುಗನ ತಂದೆ ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬಿತ್ತನೆ ಬೀಜಕ್ಕೆಂದು ಬಂದವರು ನನ್ನ ಮುಂದೆ ದುಃಖ ತೋಡಿಕೊಂಡರು. "ಸಾರ್, ಅವನ ಸಾಮಾನೆಲ್ಲ ಗುಜರಿಗೆ ಹಾಕಿಬಿಟ್ಟೆ. ನೀವೊಂದು ಸಲ ಬಂದು ಬುದ್ಧಿ ಹೇಳಿ. ನಿಮ್ಮ ಮಾತು ಕೇಳ್ತಾನೆ" ಎಂದರು. ನಾನು ಹೋದೆ. ಬುದ್ಧಿ ಹೇಳುವ ಮೊದಲೇ ಹುಡುಗ ಕೇಳಿದ: "ಸಾರ್, ನನ್ನ ಡಬ್ಬಿ ಒಡೀತು. ರೈಲಿನ ಬಾಯ್ಲರ್ ಯಾಕೆ ಒಡೆಯಲ್ಲ?"

ನಾನು ಓದಿದ್ದು ಕೃಷಿ ವಿಜ್ಞಾನ. ಯಂತ್ರೋಪಕರಣದ ಪಾಠ ಅದರಲ್ಲಿ ಒಂದು ತುಣುಕು ಮಾತ್ರ. ಅವನಿಗೆ ಅರ್ಧ ಉತ್ತರ ಕೊಟ್ಟು ಹಿಂದಿರುಗಿದೆ. ಉಳಿದ ಅರ್ಧ ಹುಡುಕುತ್ತಾ ಹೋದಾಗ ಒಂದು ವಿಷಯ ತಿಳಿಯಿತು. ಇಂಥ ಹುಚ್ಚು ಹಿಡಿದ ಮಕ್ಕಳನ್ನು ಬೈದು ಕೂರಿಸಿದರೆ ಅವರು ಕದ್ದು ಮಾಡುತ್ತಾರೆ. ಕದ್ದು ಮಾಡುವುದರಲ್ಲೇ ಅಪಾಯ. ತಂದೆಯ ಒಪ್ಪಿಗೆ ಪಡೆದು, ಪಕ್ಕದ ಪೇಟೆಯಲ್ಲಿ ಪಂಪ್‌ಸೆಟ್ ಶಾಫ್ಟ್ ಕಡೆಯುವ ಲೇತ್ ಅಂಗಡಿಯ ಯಜಮಾನರ ಸಹಾಯದಿಂದ ಒಂದು ಚಿಕ್ಕ ಹಬೆ ಇಂಜಿನನ್ನು ಸರಿಯಾದ ಕ್ರಮದಲ್ಲಿ ಮಾಡಿದೆವು. ಭಾನುವಾರಗಳಷ್ಟೇ ನಮ್ಮವು. ಒಟ್ಟು ನಾಲ್ಕು ತಿಂಗಳು ಹಿಡಿಯಿತು.

ಹಬೆಗೆ ಈ ಬಲ ಎಲ್ಲಿಂದ?

ಒಂದು ಲೋಟ ನೀರನ್ನು ಪೂರ್ತಿ ಕುದಿಸಿ ಆವಿ ಮಾಡಿದರೆ ಆ ಹಬೆಗೆ ಸುಮಾರು 1,600 ಲೋಟದಷ್ಟು ಜಾಗ ಬೇಕು. ಜಾಗ ಕೊಡದೆ ಮುಚ್ಚಿಟ್ಟರೆ ಅದು ಸುತ್ತಲ ಗೋಡೆಯನ್ನು ಒತ್ತುತ್ತದೆ. ಮನೆಯ ಕುಕ್ಕರಿನಲ್ಲಿ ಈ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಆದಾಗ ಮೇಲಿನ ತೂಕ ಎದ್ದು ಸೀಟಿ ಹೊಡೆಯುತ್ತದೆ. ಆಗ ಒಳಗಿನ ಶಾಖ ಸುಮಾರು 120 ಡಿಗ್ರಿ. ಆ ತೂಕವೇ ಕುಕ್ಕರಿನ ಕಾವಲುಗಾರ. ಹುಡುಗನ ಡಬ್ಬಿಗೆ ಕಾವಲುಗಾರನೇ ಇರಲಿಲ್ಲ. ರೈಲಿನ ಬಾಯ್ಲರಿಗೆ ಒಂದಕ್ಕೆ ಎರಡು ಕಾವಲುಗಾರರು ಇರುತ್ತಾರೆ. ಅವನ ಪ್ರಶ್ನೆಗೆ ಇದು ಮೊದಲ ಉತ್ತರ.

ಆದರೆ ಹಬೆ ಇಂಜಿನ್ನಿನ ಚರಿತ್ರೆಯಲ್ಲೇ ಒಂದು ಆಟಿಕೆ ದೊಡ್ಡ ಕೆಲಸ ಮಾಡಿದೆ. ಅದನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಇಂಗ್ಲೆಂಡಿನ ಥಾಮಸ್ ನ್ಯೂಕಾಮೆನ್ ಎಂಬಾತ 1712ರಲ್ಲಿ ಕಲ್ಲಿದ್ದಲು ಗಣಿಯ ನೀರೆತ್ತಲು ದೊಡ್ಡ ಇಂಜಿನ್ ನಿಲ್ಲಿಸಿದ. ನೀರೆತ್ತುವುದೇ ಹಬೆ ಇಂಜಿನ್ನಿನ ಮೊದಲ ಕಸುಬು ಎಂಬುದನ್ನು ನಾವು ರೈತರು ನೆನಪಿಡಬೇಕು. ಆ ಇಂಜಿನ್ನಿನ ಒಂದು ಪುಟ್ಟ ಮಾದರಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಪಾಠಕ್ಕೆಂದು ಇತ್ತು. ಸಿಲಿಂಡರಿನ ಅಡ್ಡಳತೆ 2 ಅಂಗುಲ, ಪಿಸ್ಟನ್ನಿನ ಓಡಾಟ 6 ಅಂಗುಲ. ಅದು ಸರಿಯಾಗಿ ನಡೆಯುತ್ತಿರಲಿಲ್ಲ. 1763ರ ಚಳಿಗಾಲದಲ್ಲಿ ರಿಪೇರಿಗೆ ಕೊಟ್ಟದ್ದು ಅಲ್ಲಿ ಉಪಕರಣ ತಯಾರಿಸುತ್ತಿದ್ದ ಜೇಮ್ಸ್ ವಾಟ್ ಎಂಬ ಯುವಕನ ಕೈಗೆ.

ವಾಟ್ ರಿಪೇರಿ ಮಾಡಿದರೂ ಮಾದರಿ ನಾಲ್ಕಾರು ಸಲ ಏರಿಳಿದು ಸುಮ್ಮನಾಗುತ್ತಿತ್ತು. ಬಾಯ್ಲರಿನ ಹಬೆ ಸಾಲುತ್ತಿರಲಿಲ್ಲ. ದೊಡ್ಡ ಇಂಜಿನ್ ದಿನವಿಡೀ ನಡೆಯುವಾಗ ಅದರ ಮರಿ ಏಕೆ ನಡೆಯದು? ನಿಮ್ಮ ಆಲೆಮನೆಯಲ್ಲೇ ಉತ್ತರವಿದೆ. ಕೊಪ್ಪರಿಗೆಯ ಪಾಕ ತಣಿಯಲು ಎಷ್ಟು ಹೊತ್ತು ಬೇಕು, ಅದೇ ಪಾಕವನ್ನು ಚಿಕ್ಕ ಲೋಟಕ್ಕೆ ಹಾಕಿದರೆ ಎಷ್ಟು ಹೊತ್ತು? ಅಳತೆಗಳನ್ನೆಲ್ಲ ಅರ್ಧ ಮಾಡಿದರೆ ಒಳಗೆ ಹಿಡಿಯುವ ಹಬೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಶಾಖ ಕುಡಿಯುವ ಗೋಡೆ ನಾಲ್ಕನೇ ಒಂದಕ್ಕೆ ಮಾತ್ರ ಇಳಿಯುತ್ತದೆ. ನ್ಯೂಕಾಮೆನ್ ಇಂಜಿನ್ನಿನಲ್ಲಿ ಪ್ರತಿ ಸಲವೂ ಸಿಲಿಂಡರಿನೊಳಗೇ ತಣ್ಣೀರು ಚಿಮುಕಿಸಿ ಹಬೆಯನ್ನು ನೀರಾಗಿಸುತ್ತಿದ್ದರು. ಮುಂದಿನ ಸಲದ ಹಬೆ ಮೊದಲು ಆ ತಣ್ಣನೆ ಗೋಡೆಯನ್ನು ಬಿಸಿ ಮಾಡಿ, ಅದರಲ್ಲೇ ಬಹುಪಾಲು ಸತ್ತುಹೋಗುತ್ತಿತ್ತು. ದೊಡ್ಡದರಲ್ಲಿ ಮರೆಯಾಗಿದ್ದ ಈ ನಷ್ಟ ಚಿಕ್ಕದರಲ್ಲಿ ಎದ್ದು ಕಂಡಿತು.

1765ರಲ್ಲಿ ವಾಟನಿಗೆ ಉಪಾಯ ಹೊಳೆಯಿತು. ಹಬೆಯನ್ನು ತಣಿಸಲು ಬೇರೆಯೇ ಪಾತ್ರೆ ಇಡುವುದು, ಸಿಲಿಂಡರನ್ನು ಸದಾ ಬಿಸಿಯಾಗಿಯೇ ಇಡುವುದು. ಮೊದಲ ಪ್ರಯೋಗಕ್ಕೆ ಅವನು ಬಳಸಿದ್ದು ಒಂದು ಹಿತ್ತಾಳೆಯ ಪಿಚಕಾರಿ. 1769ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆ ರಿಪೇರಿಗೆ ಬಂದ ಮಾದರಿ ಇಂದಿಗೂ ಗ್ಲಾಸ್ಗೋದ ಹಂಟೇರಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಆಟಿಕೆಯೆಂದು ಯಾರಾದರೂ ಮೂಗು ಮುರಿದರೆ ಈ ಕಥೆ ಹೇಳಿ.

ಆ ದೇಶದಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಚಿಕ್ಕ ಇಂಜಿನ್ ಮಾಡುವುದು ನೂರು ವರ್ಷಕ್ಕೂ ಮೀರಿದ ಹವ್ಯಾಸ. ಇದಕ್ಕೆಂದೇ ಪರ್ಸಿವಲ್ ಮಾರ್ಷಲ್ ಎಂಬವರು 1898ರಲ್ಲಿ ಲಂಡನ್ನಿನಿಂದ ಒಂದು ಪತ್ರಿಕೆ ಹೊರಡಿಸಿದರು. ಸ್ಟುವರ್ಟ್ ಟರ್ನರ್ ಎಂಬ ಹೆಸರಿನಲ್ಲಿ ಎರಕದ ಭಾಗಗಳು ಮಾರಾಟಕ್ಕೆ ಬಂದವು. ಕೊಂಡವರು ಅದನ್ನು ಲೇತಿನಲ್ಲಿ ಕಡೆದು ಜೋಡಿಸಿಕೊಳ್ಳಬೇಕು. ನಮಗೆ ಅಂಥ ಭಾಗಗಳನ್ನು ತರಿಸುವ ಅಗತ್ಯವಿಲ್ಲ. ಪಂಪ್‌ಸೆಟ್ ರಿಪೇರಿ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ತುಂಡುಗಳೇ ಸಾಕು.

ಎಂಥ ಇಂಜಿನ್ ಮಾಡಬೇಕು?

ಮೊದಲ ಸಲಕ್ಕೆ ತೂಗಾಡುವ ಸಿಲಿಂಡರಿನ ಇಂಜಿನ್ನೇ ಸರಿ. ಇದರಲ್ಲಿ ಬೇರೆ ವಾಲ್ವುಗಳಿಲ್ಲ. ಸಿಲಿಂಡರು ಒಂದು ಪಿನ್ನಿನ ಮೇಲೆ ತೊಟ್ಟಿಲಿನಂತೆ ಎಡಕ್ಕೂ ಬಲಕ್ಕೂ ವಾಲುತ್ತದೆ. ಒಂದು ಕಡೆ ವಾಲಿದಾಗ ಅದರ ಮೈಮೇಲಿನ ತೂತು ಫಲಕದಲ್ಲಿರುವ ಹಬೆಯ ತೂತಿಗೆ ಎದುರಾಗುತ್ತದೆ. ಹಬೆ ನುಗ್ಗಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ತಳ ಮುಟ್ಟುವ ಹೊತ್ತಿಗೆ ಸಿಲಿಂಡರು ನೆಟ್ಟಗಾಗಿ ತೂತು ಮುಚ್ಚುತ್ತದೆ. ಇನ್ನೊಂದು ಕಡೆ ವಾಲಿದಾಗ ಹೊರದಾರಿಯ ತೂತಿಗೆ ಎದುರಾಗಿ, ಕೆಲಸ ಮುಗಿಸಿದ ಹಬೆ ಹೊರಗೆ ಹೋಗುತ್ತದೆ. ಪಿಸ್ಟನ್ನನ್ನು ಮೇಲಕ್ಕೆ ವಾಪಸು ತರುವುದು ಫ್ಲೈವೀಲಿನ ಕೆಲಸ.

ನಿಮ್ಮ ಡೀಸೆಲ್ ಇಂಜಿನ್ನಿಗೆ ಹ್ಯಾಂಡಲ್ ಹಾಕಿ ಏಕೆ ತಿರುಗಿಸಬೇಕು, ಅಷ್ಟು ಭಾರದ ಚಕ್ರ ಅದಕ್ಕೆ ಏಕೆ ಬೇಕು ಎಂಬುದು ಈ ಪುಟ್ಟ ಯಂತ್ರ ನೋಡಿದರೆ ಒಂದೇ ಗಳಿಗೆಯಲ್ಲಿ ತಿಳಿಯುತ್ತದೆ. ಇದಕ್ಕೂ ಮೊದಲು ಬೆರಳಿನಿಂದ ಚಕ್ರಕ್ಕೊಂದು ತಳ್ಳು ಕೊಡಬೇಕು.

ನಾವು ಹಿಡಿದ ಅಳತೆಗಳನ್ನು ಕೊಡುತ್ತೇನೆ. ಬರೆದಿಟ್ಟುಕೊಳ್ಳಿ. ಸಿಲಿಂಡರಿಗೆ 22 ಮಿ.ಮೀ. ಚೌಕದ ಹಿತ್ತಾಳೆ ಸರಳಿನ 39 ಮಿ.ಮೀ. ಉದ್ದದ ತುಂಡು. ಅದರ ನಡುವೆ 12 ಮಿ.ಮೀ. ತೂತು ಕೊರೆದು ರೀಮರ್ ಹಾಕಿ ನುಣ್ಣಗೆ ಮಾಡಬೇಕು. ಮೇಲಿನ ಬಾಯಿಗೆ 4 ಮಿ.ಮೀ. ದಪ್ಪದ ಬಿರಡೆ ಕೂರಿಸಿ ಬೆಸೆಯಬೇಕು. ಪಿಸ್ಟನ್ 10 ಮಿ.ಮೀ. ಉದ್ದ. ಇದನ್ನು ಹಳೆಯ ಪಂಪಿನ ಗನ್‌ಮೆಟಲ್ ತುಂಡಿನಿಂದ ಕಡೆದೆವು. ಎಣ್ಣೆ ಹಚ್ಚಿ ಸಿಲಿಂಡರಿಗೆ ಬಿಟ್ಟು, ಮೇಲಿನ ತೂತನ್ನು ಬೆರಳಿನಿಂದ ಮುಚ್ಚಿ ಎಳೆದರೆ ಹಿಂದಕ್ಕೆ ಎಳೆದುಕೊಳ್ಳಬೇಕು. ಹಾಗಾದರೆ ಸರಿಯಾಗಿದೆ ಎಂದು ತಿಳಿಯಿರಿ. ಪಿಸ್ಟನ್ನಿನ ತಲೆಯಿಂದ ಕ್ರ್ಯಾಂಕ್ ಪಿನ್ನಿನ ನಡುವಿಗೆ 54 ಮಿ.ಮೀ.

ಕ್ರ್ಯಾಂಕ್ ಬಿಲ್ಲೆಯಲ್ಲಿ ಪಿನ್ನು ನಡುವಿನಿಂದ 10 ಮಿ.ಮೀ. ದೂರದಲ್ಲಿರಬೇಕು. ಆಗ ಪಿಸ್ಟನ್ನಿನ ಓಡಾಟ 20 ಮಿ.ಮೀ. ಆಗುತ್ತದೆ. ಶಾಫ್ಟ್ 5 ಮಿ.ಮೀ. ಉಕ್ಕಿನ ಸರಳು. ಫ್ಲೈವೀಲ್ 65 ಮಿ.ಮೀ. ಅಡ್ಡಳತೆಯ ದುಂಡು ಕಬ್ಬಿಣದಿಂದ 12 ಮಿ.ಮೀ. ದಪ್ಪಕ್ಕೆ ಕತ್ತರಿಸಿದ ಬಿಲ್ಲೆ. ತೂಕ 300 ಗ್ರಾಂ ಆಸುಪಾಸು ಬರುತ್ತದೆ.

ಇನ್ನು ಫಲಕ. 6 ಮಿ.ಮೀ. ದಪ್ಪ, 40 ಅಗಲ, 115 ಎತ್ತರ. ಬುಡದಿಂದ 40 ಮಿ.ಮೀ. ಮೇಲೆ ಶಾಫ್ಟಿನ ತೂತು. ಅದರಿಂದ ನೆಟ್ಟಗೆ 50 ಮಿ.ಮೀ. ಮೇಲೆ ತೂಗುಪಿನ್ನಿನ ತೂತು. ಸಿಲಿಂಡರಿನ ಮೈಯಲ್ಲಿ ಈ ಪಿನ್ನು ಮೇಲಿನ ಅಂಚಿನಿಂದ 22 ಮಿ.ಮೀ. ಕೆಳಗೆ ಬರಬೇಕು. ಪಿನ್ನಿನ ಥ್ರೆಡ್ ಒಳಗಿನ ಗೋಡೆಯನ್ನು ತೂರಿ ಹೋಗಬಾರದು. ಪಿನ್ನಿನಿಂದ 16 ಮಿ.ಮೀ. ಮೇಲೆ ಸಿಲಿಂಡರಿಗೆ 2.5 ಮಿ.ಮೀ. ತೂತು.

ಎಲ್ಲರೂ ಎಡವುವುದು ಫಲಕದ ಎರಡು ತೂತುಗಳಲ್ಲಿ. ಲೆಕ್ಕ ಸುಲಭ. ಕ್ರ್ಯಾಂಕಿನ 10 ಮಿ.ಮೀ. ಅನ್ನು ಶಾಫ್ಟಿನಿಂದ ತೂಗುಪಿನ್ನಿಗಿರುವ 50ರಿಂದ ಭಾಗಿಸಿ. ಐದನೇ ಒಂದು ಬಂತು. ಸಿಲಿಂಡರಿನ ತೂತು ಪಿನ್ನಿನಿಂದ 16 ಮಿ.ಮೀ. ದೂರದಲ್ಲಿದೆ. ಅದರ ಐದನೇ ಒಂದು 3.2 ಮಿ.ಮೀ. ನಡುಗೆರೆಯಿಂದ ಎಡಕ್ಕೆ 3.2, ಬಲಕ್ಕೆ 3.2, ಎರಡೂ ಪಿನ್ನಿನಿಂದ 16 ಮಿ.ಮೀ. ದೂರದ ಕಂಸದ ಮೇಲೆ. ಈ ಎರಡು ತೂತುಗಳೂ 2.5 ಮಿ.ಮೀ. ಸಿಲಿಂಡರು ನೆಟ್ಟಗಿರುವಾಗ ಅದರ ತೂತಿಗೂ ಫಲಕದ ತೂತಿಗೂ ನಡುವೆ 0.7 ಮಿ.ಮೀ. ಗೋಡೆ ಉಳಿಯುತ್ತದೆ. ತೂತನ್ನು 3.2ಕ್ಕಿಂತ ದೊಡ್ಡದು ಮಾಡಿದರೆ ಹಬೆ ಒಳಗೂ ಹೊರಗೂ ಒಟ್ಟಿಗೆ ಹರಿದು ಇಂಜಿನ್ ನಿಂತಲ್ಲೇ ನಿಲ್ಲುತ್ತದೆ.

ಲೆಕ್ಕದ ಮೇಲೆ ನಂಬಿಕೆ ಬಾರದವರು ಕೊರೆಯುವ ಮೊದಲು ಸಿಲಿಂಡರಿನ ತೂತಿನ ಬಾಯಿಗೆ ಮಸಿ ಹಚ್ಚಿ, ಫಲಕಕ್ಕೆ ಜೋಡಿಸಿ, ಕ್ರ್ಯಾಂಕ್ ತಿರುಗಿಸಿ ಪೂರ್ತಿ ವಾಲಿದ ಕಡೆ ಒತ್ತಿ ಗುರುತು ನೋಡಲಿ. ನಮ್ಮ ಲೇತ್ ಯಜಮಾನರು ಹೀಗೇ ಮಾಡಿದರು. ಗುರುತು ಲೆಕ್ಕಕ್ಕೆ ಸರಿಯಾಗಿ ಕೂತಿತು. "ಅಲ್ಲಾ ಸಾರ್, ನಲವತ್ತು ವರ್ಷದಿಂದ ಕಣ್ಣಳತೇಲಿ ಮಾಡ್ತಿದ್ದೆ" ಎಂದು ನಕ್ಕರು.

ಆದರೂ ನಮ್ಮ ಮೊದಲ ಇಂಜಿನ್ ನಡೆಯಲಿಲ್ಲ. ತೂಗುಪಿನ್ನಿನ ತೂತನ್ನು ಕೈಡ್ರಿಲ್ಲಿನಲ್ಲಿ ಕೊರೆದಿದ್ದೆವು. ಅದು ಕೂದಲೆಳೆಯಷ್ಟು ಓರೆಯಾಗಿತ್ತು. ಸಿಲಿಂಡರು ಫಲಕಕ್ಕೆ ಒಂದು ಅಂಚಿನಲ್ಲಿ ಮಾತ್ರ ತಾಗಿ, ಇನ್ನೊಂದು ಅಂಚಿನಿಂದ ಹಬೆಯೆಲ್ಲ ಸೋರಿತು. ಫಲಕವನ್ನು ಎರಡು ಸಲ ಹೊಸದಾಗಿ ಮಾಡಬೇಕಾಯಿತು. ನೀವು ಸ್ಟ್ಯಾಂಡಿನ ಡ್ರಿಲ್ಲಿನಲ್ಲೇ ಕೊರೆಯಿರಿ. ಆಮೇಲೆ ಎರಡೂ ಮುಖಗಳನ್ನು ದಪ್ಪ ಗಾಜಿನ ಮೇಲೆ ನುಣುಪು ಎಮರಿ ಕಾಗದ ಹಾಸಿ, ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ತಿರುಗಿಸುತ್ತಾ ಉಜ್ಜಿ. ಬೇಸರ ಬರುವ ಕೆಲಸ. ಬೇಸರ ಬಂದ ಮೇಲೂ ಅರ್ಧ ಗಂಟೆ ಉಜ್ಜಬೇಕು. ಪಿನ್ನಿನ ಹಿಂದೆ ಸಿಲಿಂಡರನ್ನು ಫಲಕಕ್ಕೆ ಒತ್ತಿಹಿಡಿಯಲು ಬಾಲ್‌ಪೆನ್ನಿನ ಸ್ಪ್ರಿಂಗ್ ಸಾಕು. ಸಾಲದೆ ಸೋರಿದರೆ ಸ್ವಲ್ಪ ಬಿರುಸಿನದು ಹಾಕಿ.

ಇಂಜಿನ್ ತಯಾರಾದ ಕೂಡಲೇ ಬೆಂಕಿಗೆ ಓಡಬೇಡಿ. ಮೊದಲು ಗಾಳಿಯಲ್ಲಿ ನಡೆಸಿ. ಪಂಕ್ಚರ್ ಅಂಗಡಿಯ ಗಾಳಿ ಕೊಳವೆಯನ್ನು ಮೆಲ್ಲಗೆ ಹಿಡಿದರೆ ಸಾಕು. ಚೆನ್ನಾಗಿ ಕೂತ ಇಂಜಿನ್ ಬಾಯಿಯಿಂದ ಊದಿದರೂ ನಾಲ್ಕು ಸುತ್ತು ತಿರುಗುತ್ತದೆ. ಎರಡು ಕೊಳವೆಗಳನ್ನು ಅದಲುಬದಲು ಮಾಡಿದರೆ ಚಕ್ರ ಹಿಂದುಮುಂದಾಗಿ ತಿರುಗುವುದನ್ನೂ ನೋಡಿ. ಮಕ್ಕಳಿಗೆ ಇದು ಬಲು ಇಷ್ಟ. ಅನೇಕರಿಗೆ ಇಲ್ಲಿಗೇ ತೃಪ್ತಿಯಾದರೆ ಅದೂ ಒಳ್ಳೆಯದೇ. ಗಾಳಿಯಲ್ಲಿ ನಡೆಯುವ ಇಂಜಿನ್ ಯಾರ ಕೈಯನ್ನೂ ಸುಡುವುದಿಲ್ಲ.

ಬಾಯ್ಲರಿನಲ್ಲಿ ಆತುರ ಬೇಡ

ಬಾಯ್ಲರಿಗೆ ತಾಮ್ರವೇ ಆಗಬೇಕು. ತಗಡಿನ ಡಬ್ಬಿ ಬೇಡ, ಜಿ.ಐ. ಪೈಪು ಬೇಡ. ಮನೆಯ ಕುಕ್ಕರಿಗೆ ತೂತು ಕೊರೆಯುವ ಯೋಚನೆಯಂತೂ ಬೇಡವೇ ಬೇಡ. ಹಿತ್ತಾಳೆಯೂ ಬಾಯ್ಲರಿನ ಮೈಗೆ ಒಳ್ಳೆಯದಲ್ಲ. ಬಿಸಿನೀರಿನಲ್ಲಿ ಕಾಲ ಕಳೆದಂತೆ ಅದರೊಳಗಿನ ಸತು ಕರಗಿಹೋಗಿ ಲೋಹ ಟೊಳ್ಳಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ.

ನಮ್ಮದು 50 ಮಿ.ಮೀ. ಅಡ್ಡಳತೆ, 120 ಮಿ.ಮೀ. ಉದ್ದ, ಒಂದೂವರೆ ಮಿ.ಮೀ. ದಪ್ಪದ ತಾಮ್ರದ ಕೊಳವೆ. ಸುಮಾರು 235 ಮಿ.ಲೀ. ಹಿಡಿಯುತ್ತದೆ. ನಡೆಸುವ ಒತ್ತಡ ಚದರ ಸೆಂ.ಮೀ.ಗೆ 2 ಕಿಲೋ ಎಂದು ಇಟ್ಟುಕೊಂಡೆವು. ಇದು ಎಷ್ಟು ಎಂದು ಅಂದಾಜಾಗಲು ಒಂದು ಲೆಕ್ಕ. ಪಕ್ಕದ ಒಂದೊಂದು ಮುಚ್ಚಳದ ಮೇಲೂ ಆಗ ಬೀಳುವ ಒತ್ತು ಸುಮಾರು 39 ಕಿಲೋ. ಒಂದು ಚೀಲ ಸಿಮೆಂಟಿಗೆ ಹತ್ತಿರ ಹತ್ತಿರ ಆಯಿತು. ಆದ್ದರಿಂದ ಮುಚ್ಚಳದ ಅಂಚನ್ನು ಮಡಿಸಿ ಕೊಳವೆಯೊಳಗೆ ಕೂರಿಸಬೇಕು. ಎರಡು ಮುಚ್ಚಳಗಳ ನಡುವೆ ಒಂದು ಸರಳನ್ನು ಹಾಯಿಸಿ ಬಿಗಿಯಬೇಕು.

ಬೆಸುಗೆಯ ವಿಷಯದಲ್ಲಿ ನನ್ನದೇ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಬೆಳ್ಳಿ ಬೆಸುಗೆ ದುಬಾರಿಯೆಂದು ಮೊದಲ ಬಾಯ್ಲರನ್ನು ರೇಡಿಯೋ ರಿಪೇರಿಯವರ ಸೀಸ–ತವರದ ಬೆಸುಗೆಯಲ್ಲಿ ಮುಗಿಸಿದೆ. 2 ಕಿಲೋ ಒತ್ತಡದಲ್ಲಿ ಹಬೆಯ ಶಾಖ 133 ಡಿಗ್ರಿ. ಆ ಬೆಸುಗೆ ಕರಗುವುದು 183 ಡಿಗ್ರಿಯ ಮೇಲೆ. ಐವತ್ತು ಡಿಗ್ರಿ ಅಂತರವಿದೆಯಲ್ಲ, ಸಾಕು ಎಂದುಕೊಂಡೆ. ನೀರು ಇರುವ ತನಕ ಆ ಲೆಕ್ಕ ಸರಿ. ಚಕ್ರ ತಿರುಗುವುದನ್ನು ನೋಡುತ್ತಾ ಮೈಮರೆತೆವು. ನೀರು ತಳ ಕಂಡಿತು. ಬರಿದಾದ ತಾಮ್ರಕ್ಕೆ ಬೆಂಕಿ ತಾಗಿದ ಮೇಲೆ ಶಾಖಕ್ಕೆ ಮಿತಿ ಎಲ್ಲಿ? ಒಂದು ಮುಚ್ಚಳದ ಬೆಸುಗೆ ಕರಗಿ ಉಳಿದಿದ್ದ ಹಬೆ ಬುಸ್ಸೆಂದು ಹೊರಬಿತ್ತು. ನಾವು ಎದುರಿಗಿರಲಿಲ್ಲ, ಪಕ್ಕದಲ್ಲಿದ್ದೆವು. ಹುಡುಗ ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು ನಿಂತಿದ್ದ. ಅವನ ತಂದೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಇದಕ್ಕಿಂತ ಭಾರಿ ಬೆಲೆ ತೆತ್ತವರಿದ್ದಾರೆ. ಹೆಚ್ಚು ಒತ್ತಡದ ಹಬೆ ಇಂಜಿನ್ನಿನ ದಾರಿ ತೆರೆದ ರಿಚರ್ಡ್ ಟ್ರೆವಿಥಿಕ್‌ನ ಒಂದು ಬಾಯ್ಲರ್ 1803ರಲ್ಲಿ ಲಂಡನ್ನಿನ ಬಳಿಯ ಗ್ರಿನಿಚ್‌ನಲ್ಲಿ ಸಿಡಿದು ಕೆಲಸಗಾರರು ಸತ್ತರು. ನೋಡಿಕೊಳ್ಳಬೇಕಾದ ಹುಡುಗ ಮೀನು ಹಿಡಿಯಲು ಹೋಗಿದ್ದ. ಇಂಜಿನ್ ನಿಲ್ಲಿಸಿದವರು ಹಬೆ ಹೊರಬಿಡಲಿಲ್ಲ. ಅಲ್ಲಿಂದ ಮುಂದೆ ಟ್ರೆವಿಥಿಕ್ ತನ್ನ ಬಾಯ್ಲರುಗಳಿಗೆ ಎರಡು ಸೇಫ್ಟಿ ವಾಲ್ವು ಇಟ್ಟ. ಅದರ ಜೊತೆಗೆ ಸೀಸದ ಒಂದು ಬಿರಡೆ. ನೀರು ಕೆಳಗಿಳಿದರೆ ಸೀಸ ಕರಗಿ ಹಬೆಗೆ ದಾರಿಯಾಗಲಿ ಎಂದು. ನಮ್ಮ ಕರಗಿದ ಮುಚ್ಚಳ ಅರಿವಿಲ್ಲದೆ ಅದೇ ಕೆಲಸ ಮಾಡಿತ್ತು. ಹುಡುಗನ ಪ್ರಶ್ನೆಗೆ ಉಳಿದ ಅರ್ಧ ಉತ್ತರ ನನಗೆ ಸಿಕ್ಕಿದ್ದು ಅಂದು.

ಎರಡನೇ ಬಾಯ್ಲರಿಗೆ ಬೆಳ್ಳಿ ಬೆಸುಗೆ ಹಾಕಿಸಿದೆವು. ಇದು ಕರಗಲು 600 ಡಿಗ್ರಿಗೂ ಮೇಲೆ ಬೇಕು. ಫ್ರಿಜ್ ರಿಪೇರಿ ಮಾಡುವವರ ಬಳಿ ಬೇಕಾದ ಟಾರ್ಚ್ ಇರುತ್ತದೆ. ಕ್ಯಾಡ್ಮಿಯಂ ಇಲ್ಲದ ಬೆಸುಗೆ ಕಡ್ಡಿಯನ್ನೇ ಕೇಳಿ ತನ್ನಿ. ಕ್ಯಾಡ್ಮಿಯಂ ಹೊಗೆ ವಿಷ. ಕೆಲಸ ಬಯಲಲ್ಲೇ ನಡೆಯಲಿ. ಸೇಫ್ಟಿ ವಾಲ್ವು, ಹಬೆಯ ಕೊಳವೆ, ಒತ್ತಡದ ಮೀಟರ್ ಈ ಮೂರನ್ನೂ ಗನ್‌ಮೆಟಲ್ ಬುಷ್ ಕೂರಿಸಿಯೇ ಜೋಡಿಸಬೇಕು. ತೆಳು ತಾಮ್ರಕ್ಕೆ ನೇರವಾಗಿ ಥ್ರೆಡ್ ಹಾಕಿದರೆ ನಿಲ್ಲದು.

ನೀರಿನಿಂದ ಪರೀಕ್ಷೆ

ಹೊಸ ಬಾಯ್ಲರನ್ನು ಬೆಂಕಿಗೆ ಇಡುವ ಮೊದಲು ತಣ್ಣೀರಿನಿಂದ ಪರೀಕ್ಷಿಸಬೇಕು. ಇಂಗ್ಲೆಂಡಿನ ಹವ್ಯಾಸಿ ಸಂಘಗಳಲ್ಲಿ ಹೊಸ ಬಾಯ್ಲರಿಗೆ ನಡೆಸುವ ಒತ್ತಡದ ಎರಡರಷ್ಟು ಕೊಟ್ಟು ನೋಡುವುದು ಕಟ್ಟುನಿಟ್ಟಿನ ನಿಯಮ. ನಮ್ಮದಕ್ಕೆ 4 ಕಿಲೋ ಆಯಿತು.

ಇದಕ್ಕೆ ಪಂಪು ಹುಡುಕಬೇಕಾಗಿಲ್ಲ. ನಿಮ್ಮ ರಾಕರ್ ಸ್ಪ್ರೇಯರ್ ಇದೆಯಲ್ಲ, ಅದೇ. ಔಷಧಿಯ ವಾಸನೆಯೂ ಇಲ್ಲದಂತೆ ಸೋಪಿನ ನೀರಿನಲ್ಲಿ ಮೂರು ಸಲ ತೊಳೆದು ಬಳಸಿ. ಬಾಯ್ಲರಿನೊಳಗೆ ಒಂದು ಗುಳ್ಳೆ ಗಾಳಿಯೂ ಉಳಿಯದಂತೆ ನೀರು ತುಂಬಿ, ಸೇಫ್ಟಿ ವಾಲ್ವಿನ ಜಾಗಕ್ಕೆ ಬಿರಡೆ ಹಾಕಿ, ಮೀಟರ್ ನೋಡುತ್ತಾ ನಿಧಾನವಾಗಿ ಸನ್ನೆ ಆಡಿಸಿ. ರಾಕರ್ ಪಂಪು 4 ಕಿಲೋವನ್ನು ಒಂದೆರಡು ಎಳೆತದಲ್ಲಿ ದಾಟಿಬಿಡುತ್ತದೆ, ಜೋಕೆ. 4 ಮುಟ್ಟಿದ ಮೇಲೆ ಹತ್ತು ನಿಮಿಷ ಬಿಡಿ. ಮುಳ್ಳು ಇಳಿಯಬಾರದು, ಮುಚ್ಚಳ ಉಬ್ಬಬಾರದು, ಬೆಸುಗೆಯ ಸುತ್ತ ಬೆವರು ಕಾಣಬಾರದು.

ಗಾಳಿಯಿಂದಲೇ ಪರೀಕ್ಷಿಸಬಾರದೇಕೆ ಎಂದು ಕೇಳುತ್ತೀರಿ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ. ಬಿಟ್ಟಾಗ ಸ್ಪ್ರಿಂಗಿನಂತೆ ಚಿಮ್ಮುತ್ತದೆ. ಬೆಸುಗೆ ಬಿಟ್ಟರೆ ತುಂಡುಗಳು ಹಾರುತ್ತವೆ. ನೀರು ಕುಗ್ಗುವುದೇ ಇಲ್ಲ ಎನ್ನಬಹುದು. ಬಿರುಕು ಬಿಟ್ಟರೆ ನಾಲ್ಕು ಹನಿ ಚಿಮ್ಮಿ ಒತ್ತಡ ಬಿದ್ದುಹೋಗುತ್ತದೆ.

ಸೇಫ್ಟಿ ವಾಲ್ವನ್ನು ಬೇರೆಯಾಗಿ 2 ಕಿಲೋಗೆ ತೆರೆಯುವಂತೆ ಸರಿಪಡಿಸಿ, ನಟ್ಟಿಗೆ ಗುರುತು ಹಾಕಿಡಿ. ಆಮೇಲೆ ಯಾರೂ ಅದನ್ನು ಮುಟ್ಟಬಾರದು. ಇಂಜಿನ್ ಸ್ವಲ್ಪ ಜೋರಾಗಿ ಓಡಲಿ ಎಂದು ವಾಲ್ವು ಬಿಗಿಯುವ ಆಸೆ ಎಲ್ಲ ಹುಡುಗರಿಗೂ ಬರುತ್ತದೆ. ದೊಡ್ಡವರಿಗೂ ಬರುತ್ತದೆ.

ಕಾಯಿದೆಯ ಮಾತು ಕೇಳುವವರಿಗೆ ಇಷ್ಟು: ನಮ್ಮ ದೇಶದ ಬಾಯ್ಲರ್ ಕಾಯಿದೆ 1923ರದು. ಅದರ ಬದಲಿಗೆ 2025ರಲ್ಲಿ ಹೊಸ ಕಾಯಿದೆ ಬಂದಿದೆ. 25 ಲೀಟರಿಗಿಂತ ಚಿಕ್ಕದಾದ ಬಾಯ್ಲರುಗಳು ಅದರ ಹಿಡಿತದಿಂದ ಹೊರಗಿವೆ. ಅಂದರೆ ನಿಮ್ಮ ಪುಟ್ಟ ಬಾಯ್ಲರನ್ನು ನೋಡಲು ಇನ್‌ಸ್ಪೆಕ್ಟರ್ ಬರುವುದಿಲ್ಲ. ನೀವೇ ಇನ್‌ಸ್ಪೆಕ್ಟರ್.

ನಡೆಸುವ ಕ್ರಮ

160 ಮಿ.ಲೀ. ನೀರನ್ನು ಅಳೆದು ಹಾಕಿ. ಮಳೆನೀರು ಉತ್ತಮ. ಬೋರ್‌ವೆಲ್ ನೀರಿನ ಗಡಸು ನಿಮಗೆ ಗೊತ್ತೇ ಇದೆ. ಹಂಡೆಯಲ್ಲಿ ಕಟ್ಟುವ ಬಿಳಿ ಚಕ್ಕೆ ಇಲ್ಲಿಯೂ ಕಟ್ಟಿ ಸೇಫ್ಟಿ ವಾಲ್ವಿನ ಬಾಯಿಗೆ ಕೂರುತ್ತದೆ. ಉರುವಲಿಗೆ ತೆಂಗಿನ ಚಿಪ್ಪಿನ ಇದ್ದಿಲು ಬಹಳ ಚೆನ್ನಾಗಿ ಒದಗಿತು. ಇದ್ದಿಲಿನ ಹೊಗೆ ಕೋಣೆಯಲ್ಲಿ ತುಂಬಿದರೆ ಪ್ರಾಣಕ್ಕೆ ಅಪಾಯ. ಆದ್ದರಿಂದ ಹೊರಗೆ, ಜಗಲಿಯಾಚೆ ನಡೆಸಿ.

ಹಬೆ ಹತ್ತಿದ ಕೂಡಲೇ ಇಂಜಿನ್ ಓಡುವುದಿಲ್ಲ. ತಣ್ಣನೆ ಸಿಲಿಂಡರಿನಲ್ಲಿ ಹಬೆ ನೀರಾಗಿ ಉಗುಳುತ್ತದೆ. ಗ್ಲಾಸ್ಗೋದಲ್ಲಿ ವಾಟ್ ಕಂಡದ್ದನ್ನು ನೀವೂ ಕಾಣುತ್ತೀರಿ. ಚಕ್ರವನ್ನು ಬೆರಳಿನಿಂದ ಹತ್ತಿಪ್ಪತ್ತು ಸಲ ತಿರುಗಿಸಿ ಸಿಲಿಂಡರು ಬಿಸಿಯಾದ ಮೇಲೆ ತಾನಾಗಿ ಹಿಡಿದುಕೊಳ್ಳುತ್ತದೆ. ನಿಮಿಷಕ್ಕೆ 500 ಸುತ್ತು ಎಂದು ಲೆಕ್ಕ ಹಾಕಿದರೆ 2 ಗ್ರಾಂಗಿಂತ ಕಡಿಮೆ ನೀರು ಸಾಕು. ನಾವು ಹದಿನೈದು ನಿಮಿಷ ನಡೆಸಿ ಉಳಿದ ನೀರನ್ನು ಅಳೆದಾಗ 90 ಗ್ರಾಂ ಹೋಗಿತ್ತು, ಎಂದರೆ ನಿಮಿಷಕ್ಕೆ 6 ಗ್ರಾಂ. ಮೂರರಲ್ಲಿ ಎರಡು ಪಾಲು ಗೋಡೆ ಕುಡಿಯುವುದಕ್ಕೂ ಸೋರುವುದಕ್ಕೂ ಹೋಯಿತು. ಹುಡುಗ ಈ ಲೆಕ್ಕವನ್ನು ತಾನೇ ಮಾಡಿದ.

ಹಾಗಾಗಿ ನಮ್ಮ ಕಟ್ಟಳೆ ಇದು. ಗಡಿಯಾರ ನೋಡಿ ಹದಿನೈದು ನಿಮಿಷ. ಆಮೇಲೆ ಚಕ್ರ ಎಷ್ಟೇ ಚೆಂದವಾಗಿ ತಿರುಗುತ್ತಿದ್ದರೂ ಬೆಂಕಿ ತೆಗೆಯುವುದು. ದೊಡ್ಡವರೊಬ್ಬರು ಕೊನೆತನಕ ಪಕ್ಕದಲ್ಲೇ ಇರುವುದು.

ಮೊದಲ ಬಾರಿ ಊರಿನ ವಾಚನಾಲಯದ ಮುಂದೆ ನಡೆಸಿದಾಗ ಜನ ಸೇರಿದ್ದರು. ಹಿರಿಯರೊಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಕೇಳಿದರು: "ಸ್ವಾಮಿ, ಇದ್ರಲ್ಲಿ ಎಷ್ಟು ನೀರೆತ್ತಬೌದು?" ನಾನು ಲೆಕ್ಕ ಹಾಕಿ ಹೇಳಿದೆ. ಪಿಸ್ಟನ್ನಿನ ಮೇಲೆ ಬೀಳುವ ಒತ್ತು ಎರಡೂಕಾಲು ಕಿಲೋ. ನಷ್ಟವೇ ಇಲ್ಲವೆಂದರೂ ಶಕ್ತಿ ಒಂದು ಎಚ್.ಪಿ.ಯ ಇನ್ನೂರನೇ ಒಂದು ಪಾಲು. ನಿಮ್ಮ 3 ಎಚ್.ಪಿ. ಮೋಟಾರಿಗೆ ಸಮ ಮಾಡಲು ಇಂಥವು ಆರುನೂರು ಬೇಕು. "ಹಂಗಾದ್ರೆ ಇದ್ಯಾಕೆ?" ಎಂದರು ಅವರು. ಸರಿಯಾದ ಪ್ರಶ್ನೆಯೇ. ಹುಡುಗ ನನಗಿಂತ ಮೊದಲು ಉತ್ತರ ಕೊಟ್ಟ. "ತಾತ, ನಿಮ್ಮ ಡೀಸೆಲ್ ಇಂಜಿನ್ ಹಬೆಯ ಬದಲು ಎಣ್ಣೆ ಉರಿಸುತ್ತೆ ಅಷ್ಟೇ. ಪಿಸ್ಟನ್ನು, ಕ್ರ್ಯಾಂಕು, ಚಕ್ರ ಎಲ್ಲ ಇದೇ. ಹೋದ ವಾರ ನಿಮ್ಮದು ಕಂಪ್ರೆಷನ್ ಹಿಡೀತಿಲ್ಲ ಅಂದ್ರಲ್ಲ, ನೋಡಿ" ಎಂದು ಸಿಲಿಂಡರಿನ ಸ್ಪ್ರಿಂಗನ್ನು ಸ್ವಲ್ಪ ಎಳೆದು ಹಿಡಿದ. ಹಬೆ ಸೋರಿ ಚಕ್ರ ನಿಧಾನವಾಯಿತು. ಬಿಟ್ಟ. ಮತ್ತೆ ಓಡಿತು. ಹಿರಿಯರು ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕುಳಿತರು.

ನಿಜ ಗಾತ್ರದ ಹಬೆ ಇಂಜಿನ್ ನೋಡಬೇಕೆನ್ನುವವರು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. 1979ರಲ್ಲಿ ಆರಂಭವಾದದ್ದು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನೂ ನೋಡಬಹುದು. ನಮ್ಮ ದೇಶದ ಚಿತ್ತರಂಜನ್ ಕಾರ್ಖಾನೆ ಹಬೆ ಇಂಜಿನ್ ಕಟ್ಟುವುದನ್ನು 1972ಕ್ಕೆ ನಿಲ್ಲಿಸಿತು. ಮೇಟುಪಾಳ್ಯದಿಂದ ಕೂನೂರಿಗೆ ನೀಲಗಿರಿ ಹತ್ತುವ ರೈಲಿಗೆ ಇಂದಿಗೂ ಹಬೆ ಇಂಜಿನ್ನೇ ಹಿಂದಿನಿಂದ ತಳ್ಳುತ್ತದೆ. ಕೋಲಾರದ ಚಿನ್ನದ ಗಣಿಗಳೂ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬರುವ ತನಕ ಹಬೆಯನ್ನೇ ನಂಬಿದ್ದವು.

ಕಡೆಗೆ ಒಂದು ಸೂಚನೆ. ನಡೆಸಿ ಮುಗಿದ ಮೇಲೆ ಬಾಯ್ಲರ್ ತಣ್ಣಗಾಗಲು ಬಿಡಿ. ಮೀಟರಿನ ಮುಳ್ಳು ಸೊನ್ನೆಗೆ ಬಂದ ಮೇಲೆಯೇ ಬಿರಡೆ ಬಿಚ್ಚಿ, ಉಳಿದ ನೀರು ಚೆಲ್ಲಿ, ಬೋರಲು ಹಾಕಿ ಒಣಗಿಸಿ. ಸಿಲಿಂಡರಿಗೆ ನಾಲ್ಕು ಹನಿ ದಪ್ಪ ಎಣ್ಣೆ ಬಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿಡಿ. ಶಾಫ್ಟಿಗೂ ಫ್ಲೈವೀಲಿಗೂ ಎಣ್ಣೆ ಬಟ್ಟೆ ಸವರಿ. ಕಳೆದ ಮಳೆಗಾಲದಲ್ಲಿ ನಾವು ಇದನ್ನು ಮರೆತು, ವಾಚನಾಲಯದ ಕಪಾಟಿನಲ್ಲಿಟ್ಟ ಇಂಜಿನ್ನಿನ ಶಾಫ್ಟ್ ತುಕ್ಕು ಹಿಡಿದು ಕೂತುಬಿಟ್ಟಿತ್ತು. ಬಿಡಿಸಲು ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಹಾಕಬೇಕಾಯಿತು.